ಇಪ್ಪತ್ತರಲ್ಲೊಂದು ಪಾಲಿನ ಅಜ್ಜಿ

ಒಂದಾನೊಂದು ಮನೆಯಲ್ಲಿ ಒಬ್ಬ ರಾಜನಿದ್ದ. ಅವನಿಗೆ ರಾಜ್ಯವಿರಲಿಲ್ಲ, ರೈಲೊಂದಿತ್ತು. ಆ ರೈಲಿಗೆ ಹಳಿಯಿರಲಿಲ್ಲ, ಎಂಜಿನ್ ಇರಲಿಲ್ಲ, ಹೋಗಿ ಸೇರಬೇಕಾದ ಊರೂ ಇರಲಿಲ್ಲ. ಆದರೂ ರಾಜ ದಿನವೂ ಸಂಜೆ ಬೋಗಿಗಳ ನಡುವೆ ಕೂತು, ಇನ್ನೇನು ಹೊರಟೇಬಿಟ್ಟಿತು ಎನ್ನುತ್ತಿದ್ದ.

ಅಜ್ಜಿಯ ಬಾಯಲ್ಲಾದರೆ ಈ ಕಥೆ ಹೀಗೆ ಶುರುವಾಗುತ್ತಿತ್ತು. ಅಮ್ಮನಿಗೆ ಅಷ್ಟು ಪುರುಸೊತ್ತಿಲ್ಲ. "ಒಂದು ಮನೇಲಿ ಒಬ್ಬ ಗಂಡ ಇದ್ದ. ಹೇಳಿದ ಕೆಲಸ ಮಾಡ್ತಿರಲಿಲ್ಲ. ಮುಗೀತು ಕಥೆ" ಎನ್ನುತ್ತಾಳೆ.

ಆ ಗಂಡ, ಅಂದರೆ ನನ್ನ ಅಪ್ಪ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಅಮ್ಮ ಬೇಕರಿಯಲ್ಲಿ ಬೆಳಗಿನ ಪಾಳಿಯಲ್ಲಿ ಹಿಟ್ಟು ನಾದುವವಳು. ಅಣ್ಣ ವ್ಯಾನಿನಲ್ಲಿ ಮನೆಮನೆಗೆ ಸಾಮಾನು ತಲುಪಿಸುತ್ತಾನೆ. ನಾನು ಲಾಂಡ್ರಿಯ ಕೌಂಟರಿನಲ್ಲಿ ಕೂತು, ಯಾರದೋ ಅಂಗಿಗೆ ಯಾರದೋ ಚೀಟಿ ಸಿಕ್ಕಿಸಿ ಬೈಸಿಕೊಳ್ಳುತ್ತೇನೆ; ಅದಕ್ಕೇ ಅಣ್ಣ ನನ್ನನ್ನು ಕನಸಮ್ಮ ಎಂದು ಕರೆಯುವುದು. ಅಪ್ಪನ ಅಮ್ಮನಾದ ಅಜ್ಜಿ ಮಹಡಿಯ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು. ಚಳಿಗಾಲದಲ್ಲಿ ಮೆಟ್ಟಿಲಿನಿಂದ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಅವಳನ್ನು ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಊರಿನ ಆ ತುದಿಯಲ್ಲಿದ್ದ ತಮ್ಮ ಲಿಫ್ಟ್ ಇರುವ ಮನೆಗೆ ಕರೆದುಕೊಂಡು ಹೋದರು.

ನಮ್ಮ ಮನೆಯನ್ನು ನೋಡಲು ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ ಬಂದಿದ್ದರು. ಬಚ್ಚಲಮನೆಯಲ್ಲಿ ನಿಂತು ನಾಲ್ಕೂ ಗೋಡೆ ಸವರಿದರು.

"ಎರಡೇ ಕೆಲಸ. ಮಲಗೋ ಕೋಣೆ ಕೆಳಗಡೆ ಇರ್ಬೇಕು. ಸ್ನಾನದ ಸ್ಟೂಲಿಂದ ಎದ್ದೇಳೋಕೆ ಗೋಡೆಗೊಂದು ಹಿಡಿಕೆ ಬೇಕು. ಇದಾದ ಮೇಲೆ ಕರ್ಕೊಂಡು ಬನ್ನಿ, ಅಲ್ಲೀವರೆಗೆ ಬೇಡ" ಎಂದರು.

"ಹಿಡಿಕೆ ನಾನೇ ಮಾಡಿ ಹಾಕ್ತೀನಿ. ಈ ಬೋಗಿ ಒಂದು ಮುಗೀಲಿ, ಕೋಣೆನೂ ಖಾಲಿ, ಹಿಡಿಕೆನೂ ರೆಡಿ" ಎಂದು ಅಪ್ಪ ಅವರ ಮುಂದೆಯೇ ಮಾತು ಕೊಟ್ಟ.

ಕೆಳಗೆ ಇದ್ದದ್ದು ಒಂದೇ ಕೋಣೆ. ಅದು ಅಪ್ಪನ ರೈಲಿನದು.

ಅಪ್ಪನ ರೈಲು ಎಂದರೆ ಅಂಗಡಿಯ ಆಟಿಕೆಯಲ್ಲ. ನಿಜಗಾತ್ರದ ಇಪ್ಪತ್ತರಲ್ಲೊಂದು ಪಾಲಿನ ಅಳತೆಯದು. ಒಂದೊಂದು ಬೋಗಿಯೂ ಮೊಳಕ್ಕಿಂತ ಉದ್ದ. ಗಾಲಿಗಳನ್ನು ಮಾತ್ರ ಕೊಂಡು ತರುತ್ತಿದ್ದ. ಉಳಿದದ್ದೆಲ್ಲ ಕೈಯಿಂದಲೇ: ತೆಳುವಾದ ಪ್ಲೈವುಡ್ಡಿನ ಗೋಡೆ, ಹಿತ್ತಾಳೆ ತಗಡಿನ ಅಂಚುಪಟ್ಟಿ, ಕನ್ನಡಕದಂಗಡಿಯಲ್ಲಿ ಉಳಿದ ಪ್ಲಾಸ್ಟಿಕ್ ಚೂರುಗಳ ಕಿಟಕಿ. ಒಂದು ಗೋಡೆಯ ಮೊಳೆತಲೆಯಂಥ ರಿವೆಟ್ಟು ಗುರುತುಗಳನ್ನು ಸೂಜಿಯಿಂದ ಒಂದೊಂದಾಗಿ ಒತ್ತಿ ಮುಗಿಸುವಷ್ಟರಲ್ಲಿ ಮನೆಯಲ್ಲಿ ಒಂದು ಸೋಪು ಸವೆದಿರುತ್ತಿತ್ತು.

ಇನ್ನೂ ದೊಡ್ಡ ತಲೆನೋವೆಂದರೆ ಅದು ಯಾವ ದೇಶದಲ್ಲೂ ಇಲ್ಲದ ರೈಲು. ಅಪ್ಪ ಚಿಕ್ಕವನಿದ್ದಾಗ ಅಜ್ಜಿ ಕಟ್ಟಿ ಹೇಳಿದ ಕಥೆಯ ರೈಲು ಅದು. ರಾಜ್ಯವನ್ನೆಲ್ಲ ದಾನ ಮಾಡಿದ ರಾಜನೊಬ್ಬ ರೈಲೊಂದನ್ನು ಮಾತ್ರ ಉಳಿಸಿಕೊಂಡನಂತೆ. ದಾರಿಯಲ್ಲಿ ಯಾರು ಕೈ ತೋರಿಸಿದರೂ ಅದು ನಿಲ್ಲುತ್ತಿತ್ತಂತೆ. ನನಗೂ ಅದೇ ಕಥೆ ಹೇಳಿದ್ದಳು, ಆದರೆ ನನ್ನ ಕಥೆಯ ಬೋಗಿಗಳು ಹಸಿರು, ಅಪ್ಪನವು ಕೆಂಪು. ನಿಜವಾದ ರೈಲಾದರೆ ನೋಡಿಕೊಂಡು ಮಾಡಬಹುದು, ಮಾಡಿದ್ದು ಮುಗಿಯಿತು ಎನ್ನಬಹುದು. ಇಲ್ಲದ ರೈಲು ಮುಗಿಯಿತು ಎಂದು ಹೇಳುವವರು ಯಾರು? ಬಾಗಿಲು ಅಂಟಿಸಿದ ಮರುದಿನವೇ ಅಪ್ಪ ಅದನ್ನು ಕೀಳುತ್ತಿದ್ದ.

"ಯಾಕಪ್ಪಾ, ಚೆನ್ನಾಗೇ ಇತ್ತಲ್ಲ" ಎಂದೆ ಒಂದು ಸಂಜೆ.

"ಈ ರೈಲು ಹತ್ತೋರು ವಯಸ್ಸಾದೋರು ಕೂಸೇ. ಬಾಗಿಲು ಒಳಗಡೆ ತೆರೀಬಾರದು, ಪಕ್ಕಕ್ಕೆ ಸರೀಬೇಕು. ಇಷ್ಟು ದಿನ ಹೊಳೀಲೇ ಇಲ್ಲ ನೋಡು."

ಊಟದ ಮೇಜಿನಿಂದ ಅಮ್ಮನ ದನಿ ಬಂತು. "ಇಷ್ಟು ದಿನ ಹೊಳೀದೆ ಇದ್ದದ್ದು ಇನ್ನೂ ಒಂದಿದೆ. ಬಚ್ಚಲಮನೇಲಿದೆ. ಹೋಗಿ ನೋಡಿ."

"ಆಗುತ್ತೆ ಕಣೇ. ಒಂದು ಕೆಲಸ ಕೈಯಲ್ಲಿ ಹಿಡಿದಾಗ..."

"ಹಿಡಿಯೋಕೇ ರೀ ಹಿಡಿಕೆ ಕೇಳ್ತಿರೋದು!"

ಅಣ್ಣ ಸೂಪಿನ ಬಟ್ಟಲಿಗೆ ಮುಖ ಇಳಿಸಿ ನಕ್ಕ. ಅಪ್ಪ ಬಂದು ಕೂತು ಬ್ರೆಡ್ಡು ಮುರಿದ. ಅವನ ಬೆರಳುಗಳಿಗೆ ಅಂಟು ಮೆತ್ತಿಕೊಂಡಿತ್ತು. ಬ್ರೆಡ್ಡೂ ಬೆರಳಿಗೆ ಅಂಟಿತು.

"ಇದ್ದದ್ದನ್ನ ನೋಡಿ ಮಾಡೋದು ನಕಲು. ಇಲ್ಲದ್ದು ಇದ್ದಿದ್ರೆ ಹೇಗಿರ್ತಿತ್ತು ಅಂತ ಯೋಚಿಸಿ ಮಾಡ್ಬೇಕು, ಅದು ಕೆಲಸ" ಎಂದು ಅಪ್ಪ ಯಾರಿಗೂ ಅಲ್ಲದಂತೆ ಹೇಳಿದ.

"ಸರಿ, ಹಾಗೇ ಯೋಚನೆ ಮಾಡಿ. ಇರೋ ಬಚ್ಚಲಮನೇಲಿ ಇಲ್ಲದ ಹಿಡಿಕೆ ಇದ್ದಿದ್ರೆ ಹೇಗಿರ್ತಿತ್ತು ಅಂತ" ಎಂದಳು ಅಮ್ಮ.

ಮರುವಾರ ಅಮ್ಮನ ಉದ್ದದ ಲಟ್ಟಣಿಗೆ ಕಾಣೆಯಾಯಿತು. ಬೇಕರಿಯವರು ಕೊಟ್ಟಿದ್ದ ಒಳ್ಳೆಯ ಮರದ್ದು. ಭಾನುವಾರ ಏನೋ ಮಾಡಬೇಕೆಂದು ಹಿಟ್ಟು ಕಲಸಿಟ್ಟುಕೊಂಡು ಅಮ್ಮ ಅಡಿಗೆಮನೆಯ ಕಪಾಟನ್ನೆಲ್ಲ ಕೆದಕಿದಳು, ನನ್ನನ್ನು ಬೈದಳು, ಅಣ್ಣನನ್ನು ಬೈದಳು. ಆಮೇಲೆ ಅನುಮಾನ ಬಂದು ಅಪ್ಪನ ಕೋಣೆಯ ಬಾಗಿಲು ತಳ್ಳಿದಳು. ಲಟ್ಟಣಿಗೆಯ ಸುತ್ತ ತೆಳು ಮರದ ಹಾಳೆಯನ್ನು ಬಿಸಿನೀರಿನಲ್ಲಿ ನೆನೆಸಿ ಸುತ್ತಲಾಗಿತ್ತು. ಅದರ ಮೇಲೆ ಬಿಗಿಯಾಗಿ, ಆಸ್ಪತ್ರೆಯಿಂದ ಅಜ್ಜಿಗೆಂದು ಕೊಟ್ಟಿದ್ದ ಬ್ಯಾಂಡೇಜು ಬಟ್ಟೆ.

"ಏನಿದು?"

"ಬೋಗಿ ಚಾವಣಿ. ಒಣಗಿದ ಮೇಲೆ ಆ ಬಾಗು ಹಾಗೇ ನಿಲ್ಲುತ್ತೆ. ಎರಡು ದಿನ ಮುಟ್ಟಬೇಡ."

"ನಾನು ಮುಟ್ಟಲ್ಲ. ಹಿಟ್ಟು ನೀವೇ ಲಟ್ಟಿಸಿ."

"ಬಾಟಲೀಲಿ ಲಟ್ಟಿಸು."

"ಚಾವಣಿ ಬಾಟಲಿಗೆ ಸುತ್ತೋಕಾಗ್ತಿರಲಿಲ್ವಾ?"

"ಬಾಟಲಿ ತುದೀಲಿ ಸಣ್ಣಗಾಗುತ್ತಲ್ಲೇ! ನಿನಗೆ ಅಷ್ಟೂ ತಿಳಿಯಲ್ವಾ?" ಅಪ್ಪ ನಿಜವಾಗಿಯೂ ಆಶ್ಚರ್ಯಪಟ್ಟ.

ಅಮ್ಮ ದಡಕ್ಕನೆ ಬಾಗಿಲೆಳೆದುಕೊಂಡು ಹೊರಗೆ ಬಂದಳು. ಆ ಭಾನುವಾರ ನಾವು ಬೇಯಿಸಿದ ಆಲೂಗಡ್ಡೆ ತಿಂದೆವು. ಸೋಮವಾರವೂ ಅದೇ.

ಸಂಜೆ ಅಜ್ಜಿಯ ಫೋನು. ದೊಡ್ಡತ್ತೆ ಶಾಲೆಯ ಹೆಡ್‌ಮೇಡಮ್ ಆಗಿದ್ದವರು. ಅಲ್ಲಿ ಊಟಕ್ಕೆ, ಮಾತ್ರೆಗೆ, ಟೀವಿಗೆ, ಎಲ್ಲಕ್ಕೂ ಗಂಟೆಯಿದೆ. ಫೋನಿಗೂ ಇದೆ.

"ಕೂಸೇ, ಬೇಗ ಮಾತಾಡು, ನಿಮ್ಮತ್ತೆ ಗಡಿಯಾರ ನೋಡ್ತಿದಾಳೆ. ಹಿಡಿಕೆ ಆಯ್ತಾ?"

"ಆಗ್ತಾ ಇದೆ ಅಜ್ಜಿ."

"ಹಾಗಂದ್ರೆ ಆಗಿಲ್ಲ. ನಿಮ್ಮಪ್ಪ ಹುಟ್ಟೋಕೇ ಎರಡು ವಾರ ತಡ ಮಾಡಿದವನು. ಇಲ್ಲಿ ನಾನು ಕಥೆ ಹೇಳಿದ್ರೆ ಇವಳು ನೀತಿ ಏನು ಅಂತ ಕೇಳ್ತಾಳೆ. ನನಗೆ ಸಾಕಾಗಿದೆ."

ಹಿಂದಿನಿಂದ ದೊಡ್ಡತ್ತೆ ಫೋನು ಕಿತ್ತುಕೊಂಡರು. "ನಿಮ್ಮಪ್ಪನಿಗೆ ಹೇಳು. ನನ್ನ ಮಂಡಿ ಆಪರೇಷನ್ನಿಗೆ ದಿನ ಕೊಟ್ಟಿದಾರೆ, ಮುಂದಿನ ತಿಂಗಳು. ಅಷ್ಟರೊಳಗೆ ಅಮ್ಮನ್ನ ಕರ್ಕೊಂಡು ಹೋಗದಿದ್ರೆ ನಾನು ಅವಳನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ತೀನಿ. ಅಲ್ಲಿ ಹಾಸಿಗೆ ಖಾಲಿ ಇದೆ, ಕೇಳಿದೀನಿ. ಬೈಕೊಂಡ್ರೂ ಸರಿ, ಸೇರಿಸ್ತೀನಿ."

ನಾನು ಹೇಳಿದೆ. ಅಪ್ಪನ ಕೈಯಲ್ಲಿದ್ದ ಸಣ್ಣ ಅರ ನಿಂತಿತು.

"ಅಕ್ಕ ಸುಮ್ನೆ ಹೆದರಿಸ್ತಾಳೆ."

"ಅತ್ತಿಗೆ ಸುಮ್ನೆ ಹೆದರಿಸೋರಲ್ಲ. ಶಾಲೇಲಿ ಹೆದರಿಸಿ ಹೆದರಿಸಿ ಕೊನೆಗೆ ಫೇಲ್ ಮಾಡೇ ತೀರಿದೋರು" ಎಂದಳು ಅಮ್ಮ.

ಮರುದಿನ ಬೇಕರಿಯಿಂದ ಬರುವಾಗ ಅವಳು ಅಂಗಡಿಯಿಂದ ಒಂದು ಸ್ಟೀಲಿನ ಹಿಡಿಕೆಯನ್ನೇ ತಂದುಬಿಟ್ಟಳು. ಸ್ಕ್ರೂಗಳ ಸಮೇತ. ಮೇಜಿನ ಮೇಲೆ ಠಣ್ಣೆಂದು ಇಟ್ಟಳು. ಅಣ್ಣ, "ಕೊಡಮ್ಮಾ, ನಾನೇ ಬಡಿದು ಮುಗಿಸ್ತೀನಿ" ಎಂದು ಅಂಗಿಯ ತೋಳು ಮಡಚಿದ. ಅಪ್ಪ ಅದನ್ನು ಎತ್ತಿಕೊಂಡು, ಕನ್ನಡಕದ ಗಾಜು ನೋಡುವ ಹಾಗೆ ಬೆಳಕಿಗೆ ಹಿಡಿದ.

"ಬೇಡ. ಇದು ತೀರಾ ತೆಳು. ಅಮ್ಮನ ಬೆರಳು ಪೂರ್ತಿ ಮಡಚಲ್ಲ, ಇದನ್ನ ಹಿಡಿಯೋಕಾಗಲ್ಲ. ಕೈ ಒದ್ದೆ ಇದ್ರೆ ಜಾರುತ್ತೆ ಬೇರೆ. ಮತ್ತೆ ಬೀಳಿಸ್ಬೇಕಾ ಅವಳನ್ನ?"

ಅದು ನಿಜವಾಗಿತ್ತು. ಕೆಲಸ ಮಾಡದವನ ಬಾಯಲ್ಲಿ ನಿಜ ಬಂದರೆ ಅದಕ್ಕಿಂತ ಮೈ ಉರಿಯುವುದು ಬೇರೊಂದಿಲ್ಲ.

"ಹಾಗಾದ್ರೆ ದಪ್ಪದ್ದು ಮಾಡಿ ಹಾಕ್ರೀ! ಆ ಬೋಗಿಗೆ ಎಷ್ಟು ಹಾಕಿದೀರಿ? ಬಾಗಿಲಿಗೊಂದರಂತೆ ಹಿತ್ತಾಳೆ ಹಿಡಿಕೆ, ಬೆಸುಗೆ ಹಾಕಿ, ಪಾಲಿಶ್ ಮಾಡಿ! ಮರದ ಗೊಂಬೆಗೆ ಹಿಡ್ಕೊಳ್ಳೋಕೆ ಇದೆ, ಹೆತ್ತ ತಾಯಿಗಿಲ್ಲ!"

ಗೊಂಬೆಯ ಮಾತು ಬಂದದ್ದರಿಂದ ಹೇಳಬೇಕು. ಇಷ್ಟು ದೊಡ್ಡ ಅಳತೆಯ ಬೋಗಿ ಮಾಡುವಾಗ ಮನುಷ್ಯರಿಗೆ ಅದು ಹೊಂದುತ್ತದೆಯೋ ಇಲ್ಲವೋ ನೋಡಲು ಅದೇ ಪಾಲಿನ ಒಬ್ಬ ಮನುಷ್ಯ ಬೇಕಾಗುತ್ತದೆ. ಅಪ್ಪ ಅದಕ್ಕಾಗಿ ಮರದಲ್ಲಿ ಅಜ್ಜಿಯನ್ನೇ ಕೆತ್ತಿದ್ದ. ಗೇಣಿಗಿಂತ ಚಿಕ್ಕವಳು. ಭುಜಕ್ಕೆ, ಸೊಂಟಕ್ಕೆ, ಮಂಡಿಗೆ ಕನ್ನಡಕದ ಸಣ್ಣ ಸ್ಕ್ರೂಗಳ ಕೀಲು. ಸೀಟಿನ ಮೇಲೆ ಕೂರಿಸಿದರೆ ಕೂರುತ್ತಿದ್ದಳು, ಬಾಗಿಲಲ್ಲಿ ನಿಲ್ಲಿಸಿದರೆ ಹಿಡಿಕೆ ಹಿಡಿದು ನಿಲ್ಲುತ್ತಿದ್ದಳು. ನೆಟ್ಟಗೆ, ಗದ್ದ ಎತ್ತಿಕೊಂಡು. ನಾನು ಚಿಕ್ಕಂದಿನಿಂದ ನೋಡಿದ ಅಜ್ಜಿಗಿಂತ ಸ್ವಲ್ಪ ಬೇರೆ ಅನ್ನಿಸುತ್ತಿತ್ತು. ಗೊಂಬೆಯಲ್ಲವೇ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಸ್ಟೀಲಿನ ಹಿಡಿಕೆ ಬಚ್ಚಲಮನೆಯ ಬಾಗಿಲ ಹಿಂದೆ ಒರಗಿಕೊಂಡಿತು. ಆದರೆ ಅಮ್ಮನ ಮಾತು ಎಲ್ಲೋ ನಾಟಿರಬೇಕು. ಅಪ್ಪ ಎರಡು ಸಂಜೆ ಬೋಗಿ ಮುಟ್ಟಲಿಲ್ಲ. ರಟ್ಟು ಕತ್ತರಿಸುತ್ತಿದ್ದ, ಅಂಟಿಸುತ್ತಿದ್ದ. ಅಮ್ಮ ನನ್ನನ್ನು ಕಳಿಸಿದಳು. "ಏನ್ ಮಾಡ್ತಿದಾರೆ ನೋಡ್ಕೊಂಡು ಬಾ."

ನೋಡಿಕೊಂಡು ಬಂದೆ.

"ಏನೇ?"

"ಬಚ್ಚಲಮನೆ ಮಾಡ್ತಿದಾನೆ."

"ಅಂದ್ರೆ?"

"ನಮ್ಮ ಬಚ್ಚಲಮನೆ. ರಟ್ಟಲ್ಲಿ. ಇಪ್ಪತ್ತರಲ್ಲೊಂದು ಪಾಲು."

ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಬಹಳ ನಿಧಾನವಾಗಿ ಕೆಳಗಿಟ್ಟಳು. ಅಣ್ಣ ಬಿದ್ದು ಬಿದ್ದು ನಗುತ್ತ, "ಮುಂದಿನ ತಿಂಗಳು ಆಪರೇಷನ್ ಆಗೋಷ್ಟರಲ್ಲಿ ದೊಡ್ಡತ್ತೆ ಮಂಡಿನೂ ಮಾಡ್ತಾನೆ ಬಿಡಮ್ಮಾ" ಎಂದ. ಅಮ್ಮ ಅವನ ತಲೆಗೆ ಒಂದು ಮೊಟಕಿದಳು. ಅಪ್ಪನಿಗೆ ಬೀಳಬೇಕಾದದ್ದು ಅದು.

ನಿಜ ಹೇಳಬೇಕೆಂದರೆ ಆ ರಟ್ಟಿನ ಬಚ್ಚಲಮನೆ ಚೆಲುವಾಗಿತ್ತು. ಬೆಂಕಿಪೊಟ್ಟಣದ ಸ್ಟೂಲು, ಪೆನ್ನಿನ ಮುಚ್ಚಳದ ಬಕೆಟ್ಟು. ಮರದ ಅಜ್ಜಿಯನ್ನು ಅಪ್ಪ ಸ್ಟೂಲಿನ ಮೇಲೆ ಕೂರಿಸಿ, ತೋಳನ್ನು ಮೇಲೆತ್ತಿ, ಕೈ ತಾಗಿದಲ್ಲಿ ಗೋಡೆಗೆ ಪೆನ್ಸಿಲ್ಲಿನ ಚುಕ್ಕೆಯಿಟ್ಟ.

"ನೋಡು ಕೂಸೇ, ಸುಮ್ನೆ ಕಣ್ಣಳತೇಲಿ ಗೋಡೆ ತೂತು ಮಾಡಿದ್ರೆ ಟೈಲ್ಸು ಹಾಳು. ಇದನ್ನ ಇಪ್ಪತ್ತರಿಂದ ಗುಣಿಸಿದ್ರೆ ಸರಿಯಾದ ಜಾಗ ಸಿಗುತ್ತೆ. ಕೂದಲೆಳೆ ಆಚೀಚೆ ಇರಲ್ಲ."

ನನಗೂ ಅದು ಸರಿಯೆನ್ನಿಸಿತು. ಲಾಂಡ್ರಿಯಲ್ಲಿ ಚೀಟಿ ಅದಲು ಬದಲು ಮಾಡುವವಳ ಮಾತಿಗೆ ಎಷ್ಟು ಬೆಲೆಯೋ ಅಷ್ಟು.

ಹಿಡಿಕೆಯನ್ನು ಮಾತ್ರ ಬಹಳ ಮನಸ್ಸಿಟ್ಟು ಮಾಡಿದ. ದಪ್ಪ ಹಿತ್ತಾಳೆ ಕೊಳವೆ, ಬೋಗಿಯ ಬಾಗಿಲಿನದರ ಹಾಗೆಯೇ ಎರಡೂ ತುದಿಯಲ್ಲಿ ಮೆಲ್ಲಗೆ ಬಾಗಿದ್ದು. ಒದ್ದೆ ಕೈಗೆ ಜಾರದಿರಲೆಂದು ಅದರ ಮೈಗೆ ಮೇಣ ಹಚ್ಚಿದ ಹುರಿಯನ್ನು ಒತ್ತೊತ್ತಾಗಿ ಸುತ್ತಿದ. ಅಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿದಳು. ಮತ್ತೊಮ್ಮೆ ಹಿಡಿದಳು. "ಹ್ಞೂಂ" ಎಂದಳು. ಅಮ್ಮನ ಬಾಯಿಂದ ಅದು ದೊಡ್ಡ ಬಹುಮಾನ.

ಅಪ್ಪನ ಹತ್ತಿರ ಇದ್ದ ಡ್ರಿಲ್ಲು ಕನ್ನಡಕದ ಸ್ಕ್ರೂವಿನ ತೂತಿಗಷ್ಟೇ ಲಾಯಕ್ಕು. ಪಕ್ಕದ ಬೀದಿಯ ಗಾರೆಯವನಿಂದ ದೊಡ್ಡದನ್ನು ತಂದು, ಗುಣಿಸಿ ಗುರುತು ಮಾಡಿದ ಜಾಗದಲ್ಲಿ ಹಿಡಿಕೆ ಕೂರಿಸಿದ. ಜೋತುಬಿದ್ದು ನೋಡಿದ, ಅಲುಗಲಿಲ್ಲ. ಅದೇ ಭಾನುವಾರ ಅಣ್ಣನೂ ನಾನೂ ಕೋಣೆ ಖಾಲಿ ಮಾಡಿದೆವು. ಬೋಗಿಗಳು ಮಹಡಿ ಮೆಟ್ಟಿಲ ಕೆಳಗಿನ ಸಂದಿಗೆ ಹೋದವು. ಅಪ್ಪ ಒಂದೊಂದನ್ನೂ ಎತ್ತುವಾಗ "ಮೆಲ್ಲಗೆ, ಮೆಲ್ಲಗೆ" ಎಂದು ಹಿಂದೆ ಮುಂದೆ ಓಡಾಡಿದ.

"ಅಜ್ಜೀನ ಎತ್ತುವಾಗ್ಲೂ ಇಷ್ಟು ಸಲ ಮೆಲ್ಲಗೆ ಅಂತೀಯಾ ನೋಡ್ತೀನಿ" ಎಂದ ಅಣ್ಣ.

ಕೊನೆಯ ಬೋಗಿಯ ಒಂದು ಬಾಗಿಲಿಗೆ ಇನ್ನೂ ಹಿಡಿಕೆ ಹಾಕಿರಲಿಲ್ಲ. ಅಪ್ಪ ಅದನ್ನು ನೋಡಿ ನಿಟ್ಟುಸಿರು ಬಿಟ್ಟು, ಸಂದಿಗೆ ಪರದೆ ಎಳೆದ.

ಮುಂದಿನ ಶನಿವಾರ ಮಧ್ಯಾಹ್ನ ಅಣ್ಣನ ವ್ಯಾನಿನಲ್ಲಿ ಅಜ್ಜಿ ಬಂದಳು, ಜೊತೆಯಲ್ಲಿ ದೊಡ್ಡತ್ತೆ. ಅಜ್ಜಿ ಎರಡು ಕೈಯಲ್ಲೂ ಊರಿ ನಡೆಯುವ ನಾಲ್ಕು ಕಾಲಿನ ಚೌಕಟ್ಟು ಹಿಡಿದು, ಅದರ ಮೇಲೆ ಬಾಗಿಕೊಂಡು ಒಳಗೆ ಬಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಏನೋ ಪುಟ್ಟಾ, ಹಾಗೆ ನೋಡ್ತೀಯಾ? ಗುರುತು ಸಿಗ್ಲಿಲ್ವಾ?"

ಅಪ್ಪ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ದೊಡ್ಡತ್ತೆಗೆ ಉಪಚಾರ ಬೇಕಿರಲಿಲ್ಲ. "ಮೊದಲು ಬಚ್ಚಲಮನೆ ತೋರಿಸು. ಟೀ ಆಮೇಲೆ" ಎಂದರು. ನಾವೆಲ್ಲ ಆ ಸಣ್ಣ ಬಾಗಿಲಿನಲ್ಲಿ ಒಬ್ಬರ ಮೇಲೊಬ್ಬರು ಇಣುಕಿದೆವು. ಅಜ್ಜಿ ಸ್ಟೂಲಿನ ಮೇಲೆ ಕೂತಳು. ಹಿತ್ತಾಳೆಯ ಹಿಡಿಕೆ ತಲೆಯ ಮೇಲೆ ಹೊಳೆಯುತ್ತಿತ್ತು. ಅಜ್ಜಿ ಕೈ ಎತ್ತಿದಳು. ತೋಳು ಭುಜದವರೆಗೆ ಏರಿ ನಿಂತಿತು. ಇನ್ನೊಂದು ಸಲ ಎತ್ತಿದಳು. ಬೆರಳ ತುದಿಗೂ ಹಿಡಿಕೆಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಗೋಡೆ ಉಳಿಯಿತು.

"ನನ್ನ ಮಗ ನನ್ನನ್ನ ಭಾರಿ ಎತ್ತರಕ್ಕೆ ಏರಿಸಿದಾನೆ" ಎಂದಳು ಅಜ್ಜಿ.



ಅಮ್ಮ ಬೇಕರಿಯ ಏಪ್ರನ್ನಿನಲ್ಲೇ ಇದ್ದಳು. ಬೆಳಗಿನ ಪಾಳಿ ಮುಗಿಸಿ ಆಗಷ್ಟೇ ಓಡಿ ಬಂದಿದ್ದಳು. "ಯಾರನ್ನ ಅಳತೆ ಮಾಡಿ ಹಾಕಿದ್ರಿ ರೀ ಇದನ್ನ?"

"ಅಮ್ಮನ್ನೇ."

"ಯಾವಾಗ? ಯಾವಾಗ ಅಳತೆ ಮಾಡಿದ್ರಿ? ವಾರ ವಾರ ಹೋಗ್ತಿದ್ರಲ್ಲ ಅತ್ತಿಗೆ ಮನೆಗೆ, ಒಂದು ಸಲ ಟೇಪು ಹಿಡಿದ್ರಾ?"

"ಗೊಂಬೇನ ಕೂರಿಸಿ..." ಎಂದ ಅಪ್ಪ.

"ಗೊಂಬೆ!" ದೊಡ್ಡತ್ತೆ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಪುಟ್ಟಾ, ನಿನಗೆ ಐವತ್ತು ದಾಟಿತಲ್ಲೋ! ನಾನು ಅಮ್ಮನ್ನ ವಾಪಸ್ ಕರ್ಕೊಂಡು ಹೋಗ್ತೀನಿ. ಸೋಮವಾರ ಆ ಕೇಂದ್ರಕ್ಕೆ ಫೋನ್ ಮಾಡ್ತೀನಿ. ಮುಗೀತು."

"ನಾನು ನೋಡಿದಾಗೆಲ್ಲ ಕೂತೇ ಇರ್ತಿದ್ಲು ಅಕ್ಕ" ಎಂದ ಅಪ್ಪ. "ಕಂಬಳಿ ಹೊದ್ಕೊಂಡು ಕುರ್ಚೀಲಿ. ಮಾತಾಡಿ ಬರ್ತಿದ್ದೆ. ಇಷ್ಟು... ಇಷ್ಟು ಚಿಕ್ಕೋಳಾಗಿದಾಳೆ ಅಂತ ಗೊತ್ತಾಗ್ಲಿಲ್ಲ. ಬಿದ್ದ ಮೇಲೆ ಅವಳು ನಿಂತಿದ್ದನ್ನ ನಾನು ಇವತ್ತೇ ನೋಡಿದ್ದು."

ಬಚ್ಚಲಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಅಮ್ಮ ಮೂಗಿನಿಂದ ಉಸಿರು ಬಿಟ್ಟಳು.

"ಆ ನಲ್ಲಿನೂ ರಿಪೇರಿ ಮಾಡಿಲ್ಲ" ಎಂದು ಹೇಳಿ ಅಡಿಗೆಮನೆಗೆ ಹೋದಳು. ಹಿಟ್ಟಿನ ಡಬ್ಬಿ ಹಿಡಿದುಕೊಂಡು ಬಂದಳು. ಅಜ್ಜಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವಳ ಬಲಗೈ ಒದ್ದೆ ಮಾಡಿ ಡಬ್ಬಿಯಲ್ಲಿ ಅದ್ದಿಸಿದಳು.

"ಅತ್ತೆ, ಈಗ ಏಳೋ ಹಾಗೆ ಮಾಡಿ. ಹಿಡಿಕೆ ಗಿಡಿಕೆ ಮರೆತುಬಿಡಿ. ಕೈ ತಾನಾಗೇ ಎಲ್ಲಿ ಹೋಗುತ್ತೋ ಅಲ್ಲಿ ಗೋಡೆ ಮುಟ್ಟಿ."

"ನಾನೇನು ಹಿಟ್ಟಲ್ಲಿ ಅದ್ದಿ ಕರಿಯೋ ಬದನೇಕಾಯೇನೇ?" ಎನ್ನುತ್ತಲೇ ಅಜ್ಜಿ ಮುಂದಕ್ಕೆ ಬಾಗಿದಳು. ಅಮ್ಮ ಎಡತೋಳಿಗೆ ಆಸರೆ ಕೊಟ್ಟಳು. ಅಜ್ಜಿಯ ಬಲಗೈ ಗೋಡೆಯನ್ನು ಹುಡುಕಿತು, ಸ್ಟೂಲಿಗಿಂತ ಸ್ವಲ್ಪ ಮೇಲೆ, ತುಸು ಮುಂದೆ, ಪಟ್ಟನೆ ಕೂತಿತು. ಅವಳು ಮತ್ತೆ ಕೂತಾಗ ನೀಲಿ ಟೈಲ್ಸಿನ ಮೇಲೆ ಬೆಳ್ಳನೆಯ ಅಂಗೈ ಉಳಿಯಿತು. ಬೆರಳುಗಳು ಪೂರ್ತಿ ನೆಟ್ಟಗಿರಲಿಲ್ಲ.

"ಅಲ್ಲಿ" ಎಂದಳು ಅಮ್ಮ. "ಇದನ್ನ ಯಾವುದರಿಂದಲೂ ಗುಣಿಸ್ಬೇಡಿ."

ಅಪ್ಪ ಆ ಅಂಗೈಯನ್ನೇ ನೋಡುತ್ತ ನಿಂತ.

"ನಿಂತ್ಕೊಂಡು ನೋಡಿದ್ರೆ ತೂತಾಗಲ್ಲ ಪುಟ್ಟಾ. ಟೀ ಕುಡಿದು ಮುಗಿಸೋವರೆಗೆ ಇರ್ತೀನಿ ನಾನು" ಎಂದರು ದೊಡ್ಡತ್ತೆ. ಆಮೇಲೆ ಕನ್ನಡಕ ಮತ್ತೆ ಹಾಕಿಕೊಂಡು, "ನಿಧಾನಕ್ಕೇ ಕುಡೀತೀನಿ" ಎಂದರು.

ಡ್ರಿಲ್ಲು ವಾಪಸು ಹೋಗಿತ್ತು. ಅಣ್ಣ ಗಾರೆಯವನ ಮನೆಗೆ ಓಡಿದ. ಅವನು ಕೆಲಸಕ್ಕೆ ಹೋಗಿದ್ದಾನೆಂದು ಗೊತ್ತಾಗಿ, ವ್ಯಾನು ತಿರುಗಿಸಿಕೊಂಡು ಅವನು ಕೆಲಸ ಮಾಡುತ್ತಿದ್ದ ಕಡೆಗೆ ಹೋದ. ಅಪ್ಪ ಮೇಲಿನ ಹಿಡಿಕೆಯನ್ನು ಬಿಚ್ಚತೊಡಗಿದ. ಅಮ್ಮ ಮೊಟ್ಟೆ ಬೇಯಲಿಟ್ಟಳು. ದೊಡ್ಡತ್ತೆ ಎರಡನೆಯ ಲೋಟ ಟೀ ಕೇಳಿದರು, ಸಕ್ಕರೆ ಕಡಿಮೆಯಾಯಿತೆಂದು ಬೈದರು, ಆದರೂ ಮೂರನೆಯದಕ್ಕೂ ಲೋಟ ಮುಂದೆ ಹಿಡಿದರು.

ನಾನು ಅಜ್ಜಿಯನ್ನು ಹೊಸ ಕೋಣೆಯ ಮಂಚದ ಮೇಲೆ ಕೂರಿಸಿದೆ. ಕಿಟಕಿಯ ಕಟ್ಟೆಯ ಮೇಲೆ ಗೊಂಬೆ ಉಳಿದುಬಿಟ್ಟಿತ್ತು; ಸಾಮಾನು ಸಾಗಿಸುವಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಜ್ಜಿ ಅದನ್ನು ಎತ್ತಿಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು.

"ಯಾರೇ ಇವಳು, ಬಿಂಕದೋಳು?"

"ನೀನೇ ಅಜ್ಜಿ."

"ಹೌದಾ?" ಅಜ್ಜಿ ಗೊಂಬೆಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿದಳು. "ಹೌದು. ನಿಮ್ಮಪ್ಪನ್ನ ಶಾಲೆಗೆ ಬಿಡೋಕೆ ಹೋಗ್ತಿದ್ದೆನಲ್ಲ, ಆಗಿನೋಳು. ಓಡ್ತಿದ್ದೆ ಗೊತ್ತಾ? ಇವನು ತಡ ಮಾಡ್ತಿದ್ದ, ನಾನು ಕೈ ಹಿಡಿದು ಎಳ್ಕೊಂಡು ಓಡ್ತಿದ್ದೆ."

ಅಪ್ಪ ಸ್ಕ್ರೂಡ್ರೈವರ್ ಹುಡುಕುತ್ತ ಬಾಗಿಲಿಗೆ ಬಂದ. ಅಜ್ಜಿಯ ಕೈಯಲ್ಲಿ ಗೊಂಬೆ ಕಂಡು ಮುಖ ಸಣ್ಣದು ಮಾಡಿಕೊಂಡ.

"ಕೊಡಮ್ಮಾ. ಬೆನ್ನು ಸ್ವಲ್ಪ ಬಾಗಿಸಿ ಬೇರೆ ಕೆತ್ತುತ್ತೀನಿ. ಅಳತೆ ತಪ್ಪಿದೆ."

"ಮುಟ್ಟಬೇಡ" ಎಂದಳು ಅಜ್ಜಿ. "ಇವಳು ಹೀಗೇ ಇರ್ಲಿ. ರೈಲಲ್ಲಿ ಹೋಗೋಳು ಇವಳು. ಬಚ್ಚಲಮನೆಗೆ ಹೋಗೋಳು ನಾನು. ನೀನು ಇಬ್ಬರನ್ನೂ ಕಲಸಿಬಿಟ್ಟೆ, ಅಷ್ಟೆ. ಹೋಗು, ಕೆಲಸ ನೋಡು. ನನಗೆ ನಿಮ್ಮಕ್ಕನ ಗಡಿಯಾರ ಸಾಕಾಗಿದೆ."

ಅಪ್ಪ ಹೋದ.

ಡ್ರಿಲ್ಲು ಬಂತು. ಅಪ್ಪ ಅಂಗೈ ಗುರುತಿನ ಎರಡು ಬದಿಗೆ ಪೆನ್ಸಿಲ್ಲಿನಿಂದ ಚುಕ್ಕೆಯಿಟ್ಟ. ಟೇಪು ಹಿಡಿದು ನೋಡಲು ಹೋದ. ಬಾಗಿಲಲ್ಲಿ ಅಮ್ಮ ಕೆಮ್ಮಿದಳು. ಟೇಪನ್ನು ಜೇಬಿಗೆ ಹಾಕಿದ. ಮೊದಲ ತೂತು ಸಲೀಸಾಗಿ ಆಯಿತು. ಎರಡನೆಯದರಲ್ಲಿ ಟೈಲ್ಸಿನ ಮೂಲೆ ಚಟ್ಟೆಂದು ಸೀಳಿತು. ಅಪ್ಪ ಅಯ್ಯೋ ಎಂದು ಡ್ರಿಲ್ಲು ಇಳಿಸಿ, ಸೀಳನ್ನು ಉಗುರಿನಿಂದ ಕೆರೆಯುತ್ತ ಕೂತ.

"ಇದಕ್ಕೆ ಅದೇ ಬಣ್ಣದ ಒಂದು ಚೂರು ಕತ್ತರಿಸಿ, ಅಂಚಿಗೆ ಸಣ್ಣ ಹಿತ್ತಾಳೆ ಪಟ್ಟಿ ಕೊಟ್ರೆ..."

"ಅಪ್ಪಾ!" ನಾನೂ ಅಣ್ಣನೂ ಒಟ್ಟಿಗೆ ಕಿರುಚಿದೆವು.

"ಸರಿ ಸರಿ."

ಮೇಲೆ ಉಳಿದಿದ್ದ ಎರಡು ಹಳೆಯ ತೂತುಗಳಿಗೆ ಅಮ್ಮ ತನ್ನ ಸ್ಟೀಲಿನ ಹಿಡಿಕೆಯನ್ನು ಹಿಡಿದು ನೋಡಿದಳು. ಒಂದು ತೂತು ಹೊಂದಿತು, ಇನ್ನೊಂದು ಸ್ವಲ್ಪ ತಪ್ಪಿತು. ಅಣ್ಣ ಅದನ್ನು ದೊಡ್ಡದು ಮಾಡಿ ಸ್ಕ್ರೂ ಬಿಗಿದ. "ಟವೆಲ್ಲು ಹಾಕೋಕಾಯ್ತು" ಎಂದಳು ಅಮ್ಮ. "ಎಲ್ಲದಕ್ಕೂ ಆರು ವಾರ ಬೇಕಾಗಲ್ಲ ಅನ್ನೋದಕ್ಕೆ ಸಾಕ್ಷಿನೂ ಆಯ್ತು."

ಹುರಿ ಸುತ್ತಿದ ಹಿತ್ತಾಳೆಯ ಹಿಡಿಕೆ ಹಿಟ್ಟಿನ ಅಂಗೈಯ ಮೇಲೆ ಕೂತಿತು. ಬೆರಳುಗಳ ತುದಿ ಮಾತ್ರ ಅದರ ಕೆಳಗಿನಿಂದ ಬೆಳ್ಳಗೆ ಕಾಣುತ್ತಿತ್ತು. ಅಪ್ಪ ಜೋತುಬಿದ್ದು ನೋಡಿದ, ಅಣ್ಣ ಜೋತುಬಿದ್ದು ನೋಡಿದ, ದೊಡ್ಡತ್ತೆ ಟೀ ಲೋಟ ನನ್ನ ಕೈಗೆ ಕೊಟ್ಟು, ತಾವೂ ಒಂದು ಸಲ ಜಗ್ಗಿ ನೋಡಿದರು.

ಅಜ್ಜಿಯನ್ನು ಕರೆತಂದು ಸ್ಟೂಲಿನ ಮೇಲೆ ಕೂರಿಸಿದೆವು. ಅಮ್ಮ ಒಂದು ಕಡೆ, ಅಪ್ಪ ಇನ್ನೊಂದು ಕಡೆ ತೋಳು ಹಿಡಿದರು.

"ಬಿಡ್ರೋ ಇಬ್ಬರೂ" ಎಂದಳು ಅಜ್ಜಿ.

ಅಪ್ಪ ಬಿಟ್ಟ. ಅಮ್ಮ ಬಿಡಲಿಲ್ಲ.

"ನೀನೂ ಕಣೇ. ಬಿಡು."

ಅಮ್ಮ ಬೆರಳು ಸಡಿಲಿಸಿದಳು, ಕೈ ಮಾತ್ರ ಅಲ್ಲೇ ಗಾಳಿಯಲ್ಲಿ ಇಟ್ಟುಕೊಂಡಳು. ಅಜ್ಜಿಯ ಬಲಗೈ ಗೋಡೆಯ ಕಡೆ ನೋಡದೆಯೇ ಹೋಯಿತು. ಮಡಚದ ಬೆರಳುಗಳು ಹುರಿಯ ಸುತ್ತ ಎಷ್ಟಾಗುತ್ತದೋ ಅಷ್ಟು ಮಡಚಿದವು. ಒಮ್ಮೆ ಮುಕ್ಕಿರಿದಳು. ಆಮೇಲೆ ಅಜ್ಜಿ ಎದ್ದು ನಿಂತಳು.